ಎದೆಮೂಳೆ ಮುರಿದಿದ್ದರೆ ಬೆನ್ನನ್ನೂ ನೋಡಿ

ಕಾರು ಡಿಕ್ಕಿಯಾಗಿದೆ. ಒಳಗಿದ್ದವರಿಗೆ ಎದೆಯ ನಡುವೆ ವಿಪರೀತ ನೋವು. ಉಸಿರೆಳೆದರೆ ನೋವು, ಕೆಮ್ಮಿದರಂತೂ ಪ್ರಾಣ ಹೋದ ಹಾಗೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ‘ಎದೆಮೂಳೆ ಮುರಿದಿದೆ’ ಅನ್ನುತ್ತಾರೆ. ತಕ್ಷಣ ಎಲ್ಲರ ಗಮನ ಹೃದಯದ ಕಡೆ ಹೋಗುತ್ತದೆ. ಅದು ಸರಿಯೇ. ಎದೆಮೂಳೆಯ ಹಿಂದೆಯೇ ಹೃದಯ ಇದೆ, ಪೆಟ್ಟು ಅಲ್ಲಿಗೂ ತಾಗಿರಬಹುದು. ಇಸಿಜಿ ಮಾಡಬೇಕು, ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆ ಮಾಡಬೇಕು. ಆದರೆ ಅದೇ ಹೊತ್ತಿನಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಬೆನ್ನು ಹೇಗಿದೆ?

ಎದೆಮೂಳೆ ಮುರಿದವರಲ್ಲಿ ಕೆಲವರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ. ಇದು ಕಾಕತಾಳೀಯ ಅಲ್ಲ. ಎರಡೂ ಒಂದೇ ಏಟಿಗೆ, ಒಂದೇ ಕಾರಣಕ್ಕೆ ಮುರಿದಿರುತ್ತವೆ. ಹಾಗೆ ಎರಡೂ ಒಟ್ಟಿಗೆ ಮುರಿದಾಗ, ಬೆನ್ನಿನ ಮುರಿತ ಚಿತ್ರದಲ್ಲಿ ಕಾಣುವುದಕ್ಕಿಂತ ಜಾಸ್ತಿ ಅಪಾಯದ್ದಾಗಿರುತ್ತದೆ. ಎದೆ ಮತ್ತು ಬೆನ್ನು ಎರಡು ಬೇರೆ ಬೇರೆ ಜಾಗ ಅಂತ ನಾವು ಅಂದುಕೊಂಡಿರುತ್ತೇವೆ. ಮೂಳೆಗಳ ಲೆಕ್ಕದಲ್ಲಿ ಅವು ಒಂದೇ ಕಟ್ಟಡದ ಮುಂದಿನ ಮತ್ತು ಹಿಂದಿನ ಭಾಗ.

ಒಂದು ಸುತ್ತು, ಎರಡು ತುದಿ

ಗಂಟಲಿನ ಬುಡದಲ್ಲಿ ಒಂದು ಕುಳಿ ಇದೆ ಅಲ್ವಾ, ಅಲ್ಲಿ ಬೆರಳಿಡಿ. ಅಲ್ಲಿಂದ ನೇರ ಕೆಳಗೆ ಜಾರಿಸಿ. ಸುಮಾರು ಐದು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಅಡ್ಡಕ್ಕೆ ಒಂದು ಸಣ್ಣ ಉಬ್ಬು ಸಿಗುತ್ತದೆ. ಎದೆಮೂಳೆಯ ಮೇಲಿನ ತುಂಡು ಮತ್ತು ನಡುವಿನ ಉದ್ದ ತುಂಡು ಸೇರುವ ಜಾಗ ಅದು. ಎರಡನೇ ಪಕ್ಕೆಲುಬು ಬಂದು ಕೂಡಿಕೊಳ್ಳುವುದೂ ಅಲ್ಲಿಯೇ. ಆ ಉಬ್ಬಿನಿಂದ ನೇರ ಹಿಂದಕ್ಕೆ ಗೆರೆ ಎಳೆದರೆ ಅದು ಬೆನ್ನಿನ ನಾಲ್ಕನೇ ಮತ್ತು ಐದನೇ ಕಶೇರುಗಳ ಆಸುಪಾಸಿಗೆ ಹೋಗಿ ಮುಟ್ಟುತ್ತದೆ. ಕಶೇರು ಅಂದರೆ ಬೆನ್ನುಮೂಳೆಯ ಸಾಲಿನಲ್ಲಿ ಒಂದರ ಮೇಲೊಂದು ಕೂತಿರುವ ಬಿಡಿ ಮೂಳೆ. ಡಾಕ್ಟರುಗಳು ಎದೆಭಾಗದ ಕಶೇರುಗಳನ್ನು ಟಿ1ರಿಂದ ಟಿ12ರವರೆಗೆ ಎಣಿಸುತ್ತಾರೆ.

ಎದೆಮೂಳೆ ಒಟ್ಟು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಚಪ್ಪಟೆ ಮೂಳೆ. ಮೇಲೊಂದು ಅಗಲ ತುಂಡು, ನಡುವೆ ಉದ್ದ ತುಂಡು, ಕೆಳಗೆ ಚೂಪಾದ ಸಣ್ಣ ತುದಿ. ನಮಗೆ 12 ಜೊತೆ ಪಕ್ಕೆಲುಬುಗಳಿವೆ. ಎಲ್ಲವೂ ಹಿಂದೆ ಬೆನ್ನುಮೂಳೆಗೆ ಕೂಡಿಕೊಂಡಿವೆ. ಮುಂದೆ ಮಾತ್ರ ವ್ಯತ್ಯಾಸ. ಮೇಲಿನ ಏಳು ಜೊತೆ ಮೆದುಮೂಳೆಯ ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಎಂಟರಿಂದ ಹತ್ತರವರೆಗಿನವು ತಮ್ಮ ಮೇಲಿನ ಪಕ್ಕೆಲುಬಿನ ಮೆದುಮೂಳೆಗೆ ಅಂಟಿಕೊಂಡಿವೆ. ಕೊನೆಯ ಎರಡಕ್ಕೆ ಮುಂದೆ ಆಧಾರವೇ ಇಲ್ಲ.

ಹಾಗಾದರೆ ಮೇಲಿನ ಬೆನ್ನಿನಲ್ಲಿ ಏನಾಯಿತು ನೋಡಿ. ಹಿಂದೆ ಕಶೇರು, ಎರಡೂ ಬದಿ ಪಕ್ಕೆಲುಬು, ಮುಂದೆ ಎದೆಮೂಳೆ. ಒಂದು ಪೂರ್ತಿ ಸುತ್ತು. ಗಾಜಿನ ಬಳೆಯನ್ನು ಎರಡು ಬೆರಳಿನ ನಡುವೆ ಒತ್ತಿ ಮುರಿದರೆ ಅದು ಒಂದೇ ಕಡೆ ಮುರಿಯುವುದು ಅಪರೂಪ, ಎದುರು ಬದಿಯಲ್ಲೂ ಒಡೆಯುತ್ತದೆ. ಎದೆಗೂಡಿನಲ್ಲಿ ಮೆದುಮೂಳೆ ಇರುವುದರಿಂದ ಅದು ಬಳೆಯಷ್ಟು ಗಡುಸಲ್ಲ, ಸ್ವಲ್ಪ ಬಾಗುತ್ತದೆ. ಹಾಗಾಗಿಯೇ ಎದೆಮೂಳೆಯೊಂದೇ ಮುರಿಯುವುದೂ ಉಂಟು. ಆದರೆ ಏಟು ಜೋರಾಗಿದ್ದರೆ, ಸುತ್ತು ಒಂದು ಕಡೆ ಬಿಟ್ಟುಕೊಂಡಿದ್ದರೆ, ಎದುರು ಬದಿಯನ್ನೂ ನೋಡದೆ ಬಿಡಬಾರದು.

ಬೆನ್ನುಮೂಳೆ ಹೆಚ್ಚಾಗಿ ಮುರಿಯುವುದು ಟಿ12 ಮತ್ತು ಅದರ ಕೆಳಗಿನ ಸೊಂಟದ ಮೊದಲ ಕಶೇರಿನ ಹತ್ತಿರ. ಅದಕ್ಕೂ ಕಾರಣ ಇದೇ ಸುತ್ತು. ಅಲ್ಲಿಯವರೆಗೆ ಪಕ್ಕೆಲುಬುಗಳ ಬಿಗಿ ಇರುತ್ತದೆ, ಅಲ್ಲಿಂದ ಕೆಳಗೆ ಇದ್ದಕ್ಕಿದ್ದಂತೆ ಸಡಿಲ. ಗಡುಸಾದದ್ದು ಮುಗಿದು ಸಡಿಲವಾದದ್ದು ಶುರುವಾಗುವ ಕಡೆ ಒತ್ತಡ ಕೂಡಿಕೊಳ್ಳುತ್ತದೆ. ಮೇಲಿನ ಬೆನ್ನಿಗೆ ಎದೆಗೂಡಿನ ಕಾವಲು ಇದೆ. ಆ ಕಾವಲನ್ನೂ ಮೀರಿ ಮೇಲಿನ ಕಶೇರು ಮುರಿದಿದೆ ಅಂದರೆ ಏಟು ಸಣ್ಣದಾಗಿರಲಿಲ್ಲ ಅಂತಲೇ ಅರ್ಥ.

ಎರಡು ಬಗೆಯ ಏಟು

ಎದೆಮೂಳೆ ಎರಡು ದಾರಿಯಲ್ಲಿ ಮುರಿಯುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದ್ದು: ನೇರ ಏಟು. ಸ್ಟೀರಿಂಗ್ ಬಂದು ಎದೆಗೆ ಬಡಿಯುತ್ತದೆ, ಸೀಟ್ ಬೆಲ್ಟ್ ಓರೆಯಾಗಿ ಎದೆಯನ್ನು ಒತ್ತಿ ಹಿಡಿಯುತ್ತದೆ, ಬೈಕಿನ ಹ್ಯಾಂಡಲ್ ಗುದ್ದುತ್ತದೆ. ಇಲ್ಲಿ ಸಾಮಾನ್ಯವಾಗಿ ಮುರಿದ ಮೂಳೆಯ ಕೆಳಗಿನ ತುಂಡು ಒಳಕ್ಕೆ ಹೋಗಿರುತ್ತದೆ.

ಎರಡನೆಯದರ ಬಗ್ಗೆ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ಎದೆಗೆ ಹೊರಗಿನಿಂದ ಏನೂ ಬಡಿದಿರುವುದಿಲ್ಲ. ಎತ್ತರದಿಂದ ಬಿದ್ದವರು ತಲೆ ಅಥವಾ ಭುಜದ ಮೇಲೆ ಬೀಳುತ್ತಾರೆ, ಮೇಲಿನ ದೇಹ ಮುಂದಕ್ಕೆ ಮಡಚಿಕೊಳ್ಳುತ್ತದೆ. ಬೈಕಿನಿಂದ ಹಾರಿ ಬಿದ್ದವರಿಗೂ ಹೀಗಾಗುತ್ತದೆ. ಬಗ್ಗಿ ಗುಂಡಿ ತೋಡುತ್ತಿದ್ದವರ ಬೆನ್ನಿನ ಮೇಲೆ ಮಣ್ಣಿನ ದರೆ ಕುಸಿದಾಗಲೂ ಅಷ್ಟೇ. ಬೆನ್ನು ಮುಂದಕ್ಕೆ ಮಡಚುವಾಗ ಕಶೇರಿನ ಮುಂಭಾಗ ಅಪ್ಪಚ್ಚಿಯಾಗುತ್ತದೆ. ಅದೇ ಬಲ ಮೇಲಿನ ಪಕ್ಕೆಲುಬುಗಳು ಮತ್ತು ಕೊರಳೆಲುಬಿನ ಮೂಲಕ ಎದೆಮೂಳೆಯ ಮೇಲಿನ ತುಂಡಿಗೆ ಬರುತ್ತದೆ. ಕೆಲವೊಮ್ಮೆ ಗದ್ದವೇ ಎದೆಗೆ ಬಡಿಯುತ್ತದೆ. ಮೇಲಿನ ತುಂಡು ಕೆಳಕ್ಕೂ ಹಿಂದಕ್ಕೂ ಜಗ್ಗಿ, ನಡುವಿನ ತುಂಡಿನ ಹಿಂದಕ್ಕೆ ಜಾರುತ್ತದೆ.

ಬ್ರಿಟನ್ನಿನ ವೈದ್ಯ ಫೌಲರ್ 1957ರಲ್ಲಿಯೇ ಈ ಬಗೆಯ ಗಾಯವನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದಿದ್ದರು. ಅವರು ತೋರಿಸಿಕೊಟ್ಟ ಗುರುತು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಎದೆಮೂಳೆಯ ಮೇಲಿನ ತುಂಡು ಹಿಂದಕ್ಕೆ ಹೋಗಿದ್ದರೆ, ಅದು ಮುರಿದದ್ದು ದೇಹ ಮಡಚಿಕೊಂಡದ್ದರಿಂದ ಇರಬಹುದು. ಹಾಗಿದ್ದರೆ ಬೆನ್ನುಮೂಳೆಯನ್ನು ಹುಡುಕಿ ನೋಡಲೇಬೇಕು. ‘ಎದೆಗೆ ಏನೂ ತಾಗಲಿಲ್ಲ, ಆದರೆ ಎದೆಯೇ ನೋಯುತ್ತಿದೆ’ ಅಂತ ಬಿದ್ದವರು ಹೇಳಿದರೆ ಆ ಮಾತನ್ನು ಕಿವಿಗೊಟ್ಟು ಕೇಳಬೇಕು. ಅದಕ್ಕಿಂತ ದೊಡ್ಡ ಸುಳಿವು ಬೇರೆ ಸಿಗುವುದಿಲ್ಲ.

ನೇರ ಏಟು ಅಂದಾಕ್ಷಣ ಬೆನ್ನು ಸುರಕ್ಷಿತ ಅಂತಲೂ ಅಲ್ಲ. ಬೆಲ್ಟ್ ಎದೆಯನ್ನು ಹಿಡಿದಿಟ್ಟುಕೊಂಡಾಗ ಅದರ ಮೇಲಿನ ದೇಹ ಮುಂದಕ್ಕೆ ಬಾಗುತ್ತಲೇ ಇರುತ್ತದೆ. ನಿಜವಾದ ಅಪಘಾತದಲ್ಲಿ ಎರಡು ಬಗೆಯ ಬಲವೂ ಕಲಸಿಕೊಂಡಿರುತ್ತವೆ.

ನಾಲ್ಕನೇ ಕಂಬ

ಬೆನ್ನುಮೂಳೆ ಮುರಿದಾಗ ವೈದ್ಯರ ಮುಂದಿರುವ ದೊಡ್ಡ ಪ್ರಶ್ನೆ: ಇದು ನಿಂತೀತೋ, ಕುಸಿದೀತೋ? ನಿಲ್ಲುವಂಥದ್ದಾದರೆ ಬೆನ್ನಿಗೆ ಆಸರೆಯ ಬೆಲ್ಟ್ ಹಾಕಿ ಕಾಯಬಹುದು. ಕುಸಿಯುವಂಥದ್ದಾದರೆ ಸ್ಕ್ರೂ, ರಾಡ್ ಹಾಕಿ ಬಿಗಿಯಬೇಕು. ಇದನ್ನು ತೀರ್ಮಾನಿಸಲು 1983ರಲ್ಲಿ ಡೆನಿಸ್ ಅನ್ನುವ ತಜ್ಞರು ಒಂದು ಲೆಕ್ಕ ಮುಂದಿಟ್ಟರು. ಬೆನ್ನುಮೂಳೆಯನ್ನು ಮುಂದೆ, ನಡುವೆ, ಹಿಂದೆ ಅಂತ ಮೂರು ಕಂಬಗಳಾಗಿ ನೋಡಿ. ಒಂದೇ ಕಂಬಕ್ಕೆ ಪೆಟ್ಟಾಗಿದ್ದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಎರಡು, ಅದರಲ್ಲೂ ನಡುವಿನದು ಹೋಗಿದ್ದರೆ ನಂಬಬೇಡಿ. ಸರಳವಾದ ಲೆಕ್ಕ. ತುಂಬಾ ವರ್ಷ ಎಲ್ಲರೂ ಇದನ್ನೇ ಹಿಡಿದರು. ಈಗ ಬೇರೆ ವರ್ಗೀಕರಣಗಳು ಬಂದಿದ್ದರೂ ಕಂಬದ ಯೋಚನೆ ಹೋಗಿಲ್ಲ.

1993ರಲ್ಲಿ ಬರ್ಗ್ ಅನ್ನುವ ಅಮೆರಿಕದ ಮೂಳೆತಜ್ಞರು ಒಂದು ಮಾತು ಸೇರಿಸಿದರು. ಎದೆಯ ಭಾಗದಲ್ಲಿ ಮೂರು ಕಂಬ ಸಾಲದು, ನಾಲ್ಕನೆಯದೊಂದು ಇದೆ, ಅದು ಎದೆಮೂಳೆ ಮತ್ತು ಪಕ್ಕೆಲುಬುಗಳ ಜೋಡಣೆ ಅಂತ. ಎದೆಮೂಳೆಯೂ ಮುರಿದಿದ್ದಾಗ, ಮೇಲ್ನೋಟಕ್ಕೆ ನಿಲ್ಲುವಂತೆ ಕಂಡ ಬೆನ್ನಿನ ಮುರಿತ ಆಮೇಲೆ ಮುಂದಕ್ಕೆ ಬಾಗುತ್ತಾ ಹೋಗಬಹುದು ಅನ್ನುವುದು ಅವರ ಎಚ್ಚರಿಕೆ.

ಈ ಮಾತಿಗೆ ಪ್ರಯೋಗಗಳ ಬೆಂಬಲವೂ ಇದೆ. 1974ರಲ್ಲಿ ಆಂಡ್ರಿಯಾಕಿ ಮತ್ತು ಜೊತೆಗಾರರು ಎದೆಗೂಡಿನ ಗಣಿತದ ಮಾದರಿಯೊಂದನ್ನು ಮಾಡಿದ್ದರು. ಅದರಲ್ಲಿ ಎದೆಮೂಳೆಯನ್ನು ತೆಗೆದುಬಿಟ್ಟರೆ ಎದೆಗೂಡು ಬೆನ್ನಿಗೆ ಕೊಡುತ್ತಿದ್ದ ಬಿಗಿ ಹೆಚ್ಚುಕಡಿಮೆ ಪೂರ್ತಿ ಹೋಗುತ್ತಿತ್ತು. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದಾನವಾಗಿ ಬಂದ ಮೃತದೇಹಗಳ ಬೆನ್ನುಮೂಳೆಯನ್ನು ಎದೆಗೂಡಿನ ಸಮೇತ ಯಂತ್ರಕ್ಕೆ ಕೂರಿಸಿ ಬಾಗಿಸಿ ನೋಡಿದರು. ಮುಂದೆ ಹಿಂದೆ ಬಾಗುವಾಗ ಎದೆಗೂಡು ಬೆನ್ನಿನ ಸ್ಥಿರತೆಯನ್ನು ಸುಮಾರು 40 ಶೇಕಡಾ ಹೆಚ್ಚಿಸುತ್ತಿತ್ತು. ಮಡಚಿಕೊಂಡಾಗ ಆಗುವ ರೀತಿಯಲ್ಲಿ ಎದೆಮೂಳೆಯನ್ನು ಮುರಿದರೆ ಹೆಚ್ಚುಕಡಿಮೆ ಅಷ್ಟೇ ಸ್ಥಿರತೆ ಹೋಗುತ್ತಿತ್ತು. ಪಕ್ಕಕ್ಕೆ ಬಾಗುವಾಗ, ತಿರುಚುವಾಗ ನಷ್ಟ ಕಡಿಮೆ. ಅಂದರೆ ಎದೆಮೂಳೆ ಮುಖ್ಯವಾಗಿ ನಾವು ಮುಂದಕ್ಕೆ ಕುಸಿಯದಂತೆ ಹಿಡಿದಿಟ್ಟಿದೆ.

ಮೃತದೇಹದಲ್ಲಿ ಸ್ನಾಯುಗಳ ಹಿಡಿತ ಇರುವುದಿಲ್ಲ, ಹಾಗಾಗಿ ಈ ಅಂಕಿಗಳನ್ನು ಬದುಕಿರುವ ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದು. ಎದೆಮೂಳೆ ಮುರಿದವರಿಗೆಲ್ಲ ಬೆನ್ನಿನ ಆಪರೇಷನ್ ಬೇಕು ಅಂತಲೂ ಇದರಿಂದ ಹೊರಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಾಲ್ಕನೇ ಕಂಬದ ಯೋಚನೆಯ ದೊಡ್ಡ ಉಪಯೋಗ ಆಪರೇಷನ್ ಕೋಣೆಗಿಂತ ತುರ್ತು ವಿಭಾಗದಲ್ಲಿದೆ. ಮುಂದಿನ ಮುರಿತ ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲಿಸಬೇಡಿ ಅಂತ ಅದು ನೆನಪಿಸುತ್ತದೆ.

ಯಾಕೆ ಇಷ್ಟು ಭಯ

ಮೇಲಿನ ಬೆನ್ನಿನ ಮುರಿತಕ್ಕೆ ವೈದ್ಯರು ಹೆದರುವುದಕ್ಕೆ ಕಾರಣ ಅಲ್ಲಿನ ಜಾಗದ ಅಭಾವ. ಕಶೇರುಗಳ ಮಧ್ಯದ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಮಿದುಳಿನಿಂದ ಕಾಲಿಗೆ ಹೋಗುವ ಎಲ್ಲ ಆಜ್ಞೆಗೂ, ಕಾಲಿನಿಂದ ಮೇಲೆ ಬರುವ ಎಲ್ಲ ಸ್ಪರ್ಶಕ್ಕೂ ಅದೇ ದಾರಿ. ಕುತ್ತಿಗೆಯಲ್ಲಿ ಈ ಕೊಳವೆ ಅಗಲ, ಹುರಿಯ ಸುತ್ತ ಸ್ವಲ್ಪ ಜಾಗ ಇರುತ್ತದೆ. ಎದೆಯ ಮಧ್ಯಭಾಗದಲ್ಲಿ ಅದು ಕಿರಿದು. ಮೂಳೆಯ ಚೂರು ಸ್ವಲ್ಪ ಸರಿದರೂ ಹುರಿಗೆ ತಾಗುತ್ತದೆ. ಅಲ್ಲಿ ರಕ್ತದ ಸರಬರಾಜೂ ಕಡಿಮೆ. ಹಾಗಾಗಿ ಇಲ್ಲಿ ಹುರಿಗೆ ಪೆಟ್ಟಾದರೆ ಕಾಲಿನ ಶಕ್ತಿ ಪೂರ್ತಿ ಹೋಗುವ ಸಾಧ್ಯತೆ ಬೇರೆ ಕಡೆಗಿಂತ ಹೆಚ್ಚು.

ಇನ್ನೊಂದು ವಿಷಯ ಹೇಳಲೇಬೇಕು. ಟಿ6 ಅಥವಾ ಅದಕ್ಕಿಂತ ಮೇಲೆ ಹುರಿಗೆ ಪೆಟ್ಟಾದರೆ ರಕ್ತದ ಒತ್ತಡ ಕುಸಿಯಬಹುದು. ರಕ್ತನಾಳಗಳನ್ನು ಬಿಗಿಯಾಗಿ ಇಟ್ಟುಕೊಳ್ಳುವ ನರಗಳ ಸಂಪರ್ಕ ತಪ್ಪುತ್ತದೆ, ನಾಳಗಳು ಸಡಿಲವಾಗುತ್ತವೆ. ರಕ್ತ ಸೋರಿ ಒತ್ತಡ ಬಿದ್ದವರ ಕೈಕಾಲು ತಣ್ಣಗೆ, ಬೆವತು ಜಿಗಿಜಿಗಿ, ನಾಡಿ ವೇಗ. ಹುರಿಗೆ ಪೆಟ್ಟಾಗಿ ಒತ್ತಡ ಬಿದ್ದವರ ಚರ್ಮ ಬೆಚ್ಚಗೆ, ನಾಡಿ ನಿಧಾನ. ಓದಲಿಕ್ಕೆ ಸುಲಭವಾಗಿ ಕಾಣುತ್ತದೆ. ಆದರೆ ಎದೆಮೂಳೆ ಮುರಿಯುವಷ್ಟು ಏಟು ಬಿದ್ದವರಲ್ಲಿ ಎರಡೂ ಒಟ್ಟಿಗೆ ಇರಬಹುದು. ಅದಕ್ಕೇ ಒಳಗೆಲ್ಲೂ ರಕ್ತ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಂಡ ಮೇಲೆಯೇ ನರದ ಕಾರಣಕ್ಕೆ ಬರುತ್ತಾರೆ.

ಕಣ್ಣಿಗೆ ತಪ್ಪುವುದು ಹೇಗೆ

ಎದೆಯ ಮಾಮೂಲಿ ಎಕ್ಸ್-ರೇಯನ್ನು ಮುಂದೆ ಹಿಂದೆ ನೇರವಾಗಿ ತೆಗೆಯುತ್ತಾರೆ. ಅದರಲ್ಲಿ ಎದೆಮೂಳೆ ಬೆನ್ನುಮೂಳೆಯ ನೆರಳಿನ ಮೇಲೆಯೇ ಬಿದ್ದು, ಎರಡೂ ಸರಿಯಾಗಿ ಕಾಣುವುದಿಲ್ಲ. ಎದೆಮೂಳೆಯ ಮುರಿತ ಕಾಣಬೇಕಾದರೆ ಪಕ್ಕದಿಂದ ತೆಗೆಯಬೇಕು. ಪಕ್ಕದಿಂದ ತೆಗೆದರೆ ಎದೆಮೂಳೆಯೇನೋ ಕಾಣುತ್ತದೆ, ಆದರೆ ಬೆನ್ನಿನ ಮೇಲಿನ ನಾಲ್ಕೈದು ಕಶೇರುಗಳ ಮೇಲೆ ಎರಡೂ ಭುಜಗಳ ನೆರಳು. ಸರಿಯಾಗಿ ಇಲ್ಲಿಯೇ, ಎದೆಮೂಳೆಗೆ ಜೊತೆಯಾಗುವ ಮುರಿತಗಳು ಅಡಗಿಕೊಳ್ಳುವುದು.

ಇನ್ನೊಂದು ಗೊಂದಲ. ಬೆನ್ನಿನ ಕಶೇರು ಮುರಿದಾಗ ಅದರ ಸುತ್ತ ರಕ್ತ ಕೂಡುತ್ತದೆ. ಎಕ್ಸ್-ರೇಯಲ್ಲಿ ಎದೆಯ ನಡುವಿನ ನೆರಳು ಅಗಲವಾಗಿ ಕಾಣುತ್ತದೆ. ಮಹಾಪಧಮನಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಹರಿದಾಗಲೂ ಚಿತ್ರ ಹೀಗೆಯೇ ಇರುತ್ತದೆ. ಸಹಜವಾಗಿ ಎಲ್ಲರೂ ಮೊದಲು ಅದನ್ನು ನೋಡುತ್ತಾರೆ, ನೋಡಲೇಬೇಕು, ಅದು ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು. ಆದರೆ ಮಹಾಪಧಮನಿ ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಆ ನೆರಳು ಎಲ್ಲಿಂದ ಬಂತು ಅಂತ ಕೇಳಬೇಕು. ಉತ್ತರ ಬೆನ್ನಿನಲ್ಲಿರಬಹುದು.

ಗಾಯಾಳುವಿನ ನೋವೂ ದಾರಿ ತಪ್ಪಿಸುತ್ತದೆ. ಮುಂದಿನ ನೋವು ಎಷ್ಟು ಜೋರಾಗಿರುತ್ತದೆ ಅಂದರೆ ಹಿಂದಿನದು ಗಮನಕ್ಕೇ ಬರುವುದಿಲ್ಲ. ತಲೆಗೆ ಪೆಟ್ಟಾಗಿ ಮಂಪರಿನಲ್ಲಿದ್ದರೆ, ಕುಡಿದಿದ್ದರೆ, ನೋವಿನ ಇಂಜೆಕ್ಷನ್ ಕೊಟ್ಟಿದ್ದರೆ ಕೇಳಿಯೂ ಪ್ರಯೋಜನ ಇಲ್ಲ. ಅಂಗಾತ ಮಲಗಿಸಿದವರ ಬೆನ್ನನ್ನು ಯಾರೂ ಮುಟ್ಟಿ ನೋಡದೆ ಬಿಡುವುದೂ ಉಂಟು. ಸರಿಯಾದ ಕ್ರಮದಲ್ಲಿ ನಾಲ್ಕೈದು ಜನ ಸೇರಿ ಗಾಯಾಳುವನ್ನು ದಿಮ್ಮಿಯ ಹಾಗೆ ಒಂದೇ ಗೆರೆಯಲ್ಲಿ ಪಕ್ಕಕ್ಕೆ ಹೊರಳಿಸುತ್ತಾರೆ. ಒಬ್ಬರು ತಲೆ ಹಿಡಿದು ‘ಒಂದು, ಎರಡು, ಮೂರು’ ಎನ್ನುತ್ತಾರೆ. ಡಾಕ್ಟರು ಕುತ್ತಿಗೆಯಿಂದ ಕೆಳಗಿನವರೆಗೆ ಪ್ರತಿ ಕಶೇರಿನ ಮೇಲೂ ಬೆರಳಿಟ್ಟು ಒತ್ತುತ್ತಾ ಬರುತ್ತಾರೆ. ಎಲ್ಲಿ ನೋಯುತ್ತದೆ, ಎಲ್ಲಿ ಗುಂಡಿ ಸಿಗುತ್ತದೆ, ಎಲ್ಲಿ ಊದಿದೆ. ಒಂದೆರಡು ನಿಮಿಷದ ಕೆಲಸ.

ಗಟ್ಟಿ ಉತ್ತರ ಕೊಡುವುದು ಸಿಟಿ ಸ್ಕ್ಯಾನ್. ಅದರಲ್ಲಿ ದೇಹವನ್ನು ನಡುವೆ ಉದ್ದಕ್ಕೆ ಸೀಳಿದಂಥ ಚಿತ್ರವೊಂದನ್ನು ಕಂಪ್ಯೂಟರ್ ಕಟ್ಟಿಕೊಡುತ್ತದೆ. ಎಡಬದಿಯಲ್ಲಿ ಎದೆಮೂಳೆ, ಬಲಬದಿಯಲ್ಲಿ ಬೆನ್ನುಮೂಳೆ, ಎರಡೂ ಒಂದೇ ಪರದೆಯಲ್ಲಿ. ಎದೆಮೂಳೆಯಲ್ಲಿ ಮೆಟ್ಟಿಲು ಬಿದ್ದಂತೆ ಕಂಡರೆ ಕಣ್ಣನ್ನು ಅಡ್ಡಕ್ಕೆ ಸರಿಸಿದರೆ ಸಾಕು, ಹಿಂದೆ ಯಾವ ಕಶೇರಿನ ಮುಂದಿನ ಎತ್ತರ ಕಮ್ಮಿಯಾಗಿದೆ ಅಂತ ಕಾಣುತ್ತದೆ. ಹುರಿ, ಡಿಸ್ಕ್, ಮೂಳೆಗಳನ್ನು ಕಟ್ಟಿಹಾಕುವ ಪಟ್ಟಿಗಳು ಹೇಗಿವೆ ಅಂತ ತಿಳಿಯಲು ಎಂಆರ್‌ಐ ಬೇಕು. ಎದೆಮೂಳೆಯ ಬಿರುಕು ಅಲ್ಟ್ರಾಸೌಂಡ್‌ನಲ್ಲೂ ಸಿಗುತ್ತದೆ, ಆದರೆ ಬೆನ್ನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಸೀಟ್ ಬೆಲ್ಟ್ ಬಗ್ಗೆ ಒಂದು ಮಾತು

ಇದನ್ನೆಲ್ಲ ಓದಿ ‘ಬೆಲ್ಟ್ ಹಾಕಿದ್ದರಿಂದಲೇ ಎದೆಮೂಳೆ ಮುರಿಯಿತು’ ಅಂತ ಯಾರೂ ತೀರ್ಮಾನಿಸಬಾರದು. ಮೂರು ಕಡೆ ಬಿಗಿಯುವ ಬೆಲ್ಟನ್ನು ಸ್ವೀಡನ್ನಿನ ನಿಲ್ಸ್ ಬೋಲಿನ್ ವೋಲ್ವೊ ಕಂಪನಿಯಲ್ಲಿದ್ದಾಗ ರೂಪಿಸಿದರು, 1959ರಲ್ಲಿ ಅದು ಕಾರುಗಳಿಗೆ ಬಂತು. ಬೆಲ್ಟ್ ಕಡ್ಡಾಯವಾದ ದೇಶಗಳಲ್ಲಿ ಎದೆಮೂಳೆಯ ಮುರಿತಗಳು ಹೆಚ್ಚು ಕಾಣತೊಡಗಿದ್ದು ನಿಜ. ಅದಕ್ಕೆ ಒಂದು ಕಾರಣ, ಮೊದಲಾದರೆ ಅಲ್ಲೇ ಸಾಯುತ್ತಿದ್ದವರು ಈಗ ಬದುಕಿ ಆಸ್ಪತ್ರೆಗೆ ಬರುತ್ತಿದ್ದಾರೆ. ಬೆಲ್ಟ್ ಹಾಕದವರ ತಲೆ ಗಾಜಿಗೆ ಬಡಿಯುತ್ತದೆ, ಅಥವಾ ಅವರು ಕಾರಿನಿಂದಲೇ ಹೊರಗೆ ಬೀಳುತ್ತಾರೆ. ಅದಕ್ಕೆ ಹೋಲಿಸಿದರೆ ಎದೆಮೂಳೆಯ ಬಿರುಕು ಏನೂ ಅಲ್ಲ.

ಎದೆಮೂಳೆಯೊಂದೇ ಮುರಿದು, ತುಂಡುಗಳು ಸರಿಯದೆ, ಇಸಿಜಿ ಮತ್ತು ರಕ್ತಪರೀಕ್ಷೆ ಸರಿಯಿದ್ದು, ಬೆನ್ನಿನಲ್ಲೂ ಏನೂ ಇಲ್ಲದಿದ್ದರೆ ಹೆಚ್ಚಿನವರು ಬೇಗ ಮನೆಗೆ ಹೋಗುತ್ತಾರೆ. ಆದರೆ ಈ ‘ಬೆನ್ನಿನಲ್ಲೂ ಏನೂ ಇಲ್ಲದಿದ್ದರೆ’ ಅನ್ನುವುದನ್ನು ನೋಡಿ ಹೇಳಬೇಕು, ಊಹಿಸಿ ಹೇಳಬಾರದು.

ಹೊಟ್ಟೆಯ ಮೇಲೆ ಮಾತ್ರ ಬರುವ ಹಳೇ ಬೆಲ್ಟಿನ ಕಥೆಯೇ ಬೇರೆ. ಅದರಲ್ಲಿ ದೇಹ ಬೆಲ್ಟಿನ ಮೇಲೆ ಮಡಚಿಕೊಂಡು ಸೊಂಟದ ಹತ್ತಿರದ ಕಶೇರು ಅಡ್ಡಕ್ಕೆ ಸೀಳುತ್ತದೆ, ಕರುಳಿಗೂ ಪೆಟ್ಟಾಗುತ್ತದೆ. ಭುಜದ ಮೇಲಿಂದ ಬರುವ ಪಟ್ಟಿ ಯಾಕೆ ಮುಖ್ಯ ಅಂತ ಇದರಿಂದಲೇ ಗೊತ್ತಾಗುತ್ತದೆ. ಭುಜದ ಪಟ್ಟಿ ಕಿರಿಕಿರಿ ಅಂತ ಅದನ್ನು ಕಂಕುಳಡಿ ಹಾಕಿಕೊಳ್ಳುವವರು ಇದನ್ನು ಗಮನಿಸಬೇಕು.

ಬಿದ್ದವರನ್ನು ಎತ್ತುವ ಮೊದಲು

ಮಲೆನಾಡು, ಕರಾವಳಿಯ ತೋಟಗಳಲ್ಲಿ ಅಡಿಕೆ ಮರದಿಂದ ಬೀಳುವುದು ಹೊಸ ಸಂಗತಿಯಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧ ಹೊಡೆಯಲು ಹತ್ತಿದಾಗ ಮರ ಜಾರುತ್ತದೆ. ಅಡಿಕೆ ಗೊನೆ ಕೊಯ್ಯುವಾಗ ಮರದಿಂದ ಮರಕ್ಕೆ ದಾಟುವುದಿದೆ. ಹಳೇ ಮರ ಮುರಿದು ಬೀಳುವುದೂ ಇದೆ. ನೆಲದ ಮೇಲೆ ನಿಂತೇ ಕೊಯ್ಯುವ, ಔಷಧ ಹೊಡೆಯುವ ಫೈಬರ್ ದೋಟಿ ಬಂದಿದ್ದು ಈ ಕಾರಣಕ್ಕೆ ನನಗೆ ತುಂಬಾ ಸಮಾಧಾನ ಕೊಟ್ಟ ಬದಲಾವಣೆ. ಆದರೂ ಮರ ಹತ್ತುವುದು ನಿಂತಿಲ್ಲ.

ಹಾಗೆ ಬಿದ್ದವರು ಎದೆ ಹಿಡಿದುಕೊಂಡು ನರಳುತ್ತಿದ್ದಾರೆ ಅಂದುಕೊಳ್ಳಿ. ಸುತ್ತ ಇದ್ದವರು ಪ್ರೀತಿಯಿಂದಲೇ ಮಾಡುವ ಕೆಲಸ ಒಂದಿದೆ. ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸುತ್ತಾರೆ, ನೀರು ಕುಡಿಸುತ್ತಾರೆ, ಇಬ್ಬರು ನಡುವೆ ಹಿಡಿದು ಜೀಪಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುತ್ತಾರೆ. ಬೆನ್ನು ಮುಂದಕ್ಕೆ ಬಾಗಿ ಮುರಿದಿದ್ದರೆ, ಕೂರಿಸುವುದು ಅಂದರೆ ಅದನ್ನು ಮತ್ತೆ ಅದೇ ದಿಕ್ಕಿಗೆ ಬಾಗಿಸುವುದು. ಮುಂದಿನ ಆಸರೆಯಾಗಿದ್ದ ಎದೆಮೂಳೆಯೂ ಮುರಿದಿದೆ. ಆಗ ತಡೆಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಉಸಿರಾಡುತ್ತಿದ್ದಾರೆಯೇ, ರಕ್ತ ಸುರಿಯುತ್ತಿದೆಯೇ, ಮೊದಲು ನೋಡಬೇಕಾದ್ದು ಇದನ್ನೇ. ಆಮೇಲೆ ಬೇರೆ ಅಪಾಯ ಇಲ್ಲದಿದ್ದರೆ ಇದ್ದ ಜಾಗದಲ್ಲೇ ಮಲಗಿರಲಿ. ಒಬ್ಬರು ತಲೆಯ ಎರಡೂ ಬದಿ ಕೈಯಿಟ್ಟು ಅಲುಗದಂತೆ ಹಿಡಿದುಕೊಳ್ಳಲಿ. 108ಕ್ಕೆ ಫೋನ್ ಮಾಡಿ, ‘ಎತ್ತರದಿಂದ ಬಿದ್ದಿದ್ದಾರೆ, ಬೆನ್ನಿಗೆ ಪೆಟ್ಟಾಗಿರಬಹುದು’ ಅಂತ ಸ್ಪಷ್ಟವಾಗಿ ಹೇಳಿ. ಆಪರೇಷನ್ ಬೇಕಾಗಬಹುದು, ವಾಂತಿ ಆಗಬಹುದು, ಹಾಗಾಗಿ ನೀರು, ಕಾಫಿ ಕೊಡಬೇಡಿ. ಆಂಬುಲೆನ್ಸ್ ಬರುವ ದಾರಿಯೇ ಇಲ್ಲದ ಕಡೆ ಸಾಗಿಸಲೇಬೇಕಾಗುತ್ತದೆ. ಆಗ ಅಗಲದ ಹಲಗೆಯೋ ಬಾಗಿಲೋ ಹುಡುಕಿ. ನಾಲ್ಕೈದು ಜನ ತಲೆ, ಭುಜ, ಸೊಂಟ, ಕಾಲು ಹಿಡಿದು ಒಟ್ಟಿಗೆ ಹೊರಳಿಸಿ ಅದರ ಮೇಲೆ ಮಲಗಿಸಿ. ದೇಹ ಎಲ್ಲೂ ಮಡಚಬಾರದು, ತಿರುಚಬಾರದು. ಕಂಬಳಿಯ ನಾಲ್ಕು ಮೂಲೆ ಹಿಡಿದು ಜೋಲಿ ಮಾಡಿ ಹೊರುವುದು ಬೇಡವೇ ಬೇಡ.

ಬೈಕಿನಿಂದ ಬಿದ್ದವರ ಹೆಲ್ಮೆಟ್ ಎಳೆದು ತೆಗೆಯಲು ಹೋಗಬೇಡಿ. ಉಸಿರಾಟಕ್ಕೆ ಅಡ್ಡಿ ಇದ್ದರೆ ಮಾತ್ರ, ಒಬ್ಬರು ಕುತ್ತಿಗೆ ಹಿಡಿದಿರುವಾಗ ಇನ್ನೊಬ್ಬರು ನಿಧಾನವಾಗಿ ತೆಗೆಯಬೇಕು.

ಎದೆಗೆ ಪೆಟ್ಟಾದವರು ಎರಡೂ ಹೆಗಲ ಮೂಳೆಗಳ ನಡುವೆ ನೋವು ಅಂದರೆ, ಎದೆಯ ಸುತ್ತ ಪಟ್ಟಿ ಕಟ್ಟಿ ಬಿಗಿದಂತಿದೆ ಅಂದರೆ, ಕಾಲು ಜೋಮು ಹಿಡಿದಿದೆ, ಭಾರ ಅನ್ನಿಸುತ್ತಿದೆ, ಮೂತ್ರ ಬರುತ್ತಿಲ್ಲ ಅಂದರೆ ಅದನ್ನು ಆಸ್ಪತ್ರೆಯಲ್ಲಿ ಕೂಡಲೇ ತಿಳಿಸಿ. ಮನೆಗೆ ಬಂದ ಎರಡು ದಿನದ ಮೇಲೆ ಶುರುವಾದರೂ ಅಷ್ಟೇ, ತಡ ಮಾಡದೆ ವಾಪಸು ಹೋಗಿ.

ಬೀಳದೆಯೂ ಮುರಿಯುತ್ತದೆ

ವಯಸ್ಸಾದವರಲ್ಲಿ, ಅದರಲ್ಲೂ ಮುಟ್ಟು ನಿಂತು ತುಂಬಾ ವರ್ಷವಾದ ಹೆಂಗಸರಲ್ಲಿ, ಇದೇ ಜೋಡಿ ಬೇರೆ ರೀತಿಯಲ್ಲಿ ಬರುತ್ತದೆ. ಮೂಳೆ ಸವೆದಿರುತ್ತದೆ. ಬೆನ್ನಿನ ಕಶೇರುಗಳು ಒಂದೊಂದಾಗಿ, ಸದ್ದಿಲ್ಲದೆ, ಮುಂದೆ ಕುಸಿಯುತ್ತವೆ. ಬೆನ್ನು ಗೂನಾಗುತ್ತದೆ. ಮನೆಯವರು ‘ವಯಸ್ಸಾಯ್ತಲ್ಲ’ ಅಂತ ಸುಮ್ನೆ ಇರುತ್ತಾರೆ. ಬೆನ್ನು ಬಾಗಿದಷ್ಟೂ ಮುಂದಿನ ಎದೆಮೂಳೆಯ ಮೇಲೆ ಒತ್ತಡ ಜಾಸ್ತಿ. ಒಂದು ದಿನ ಬಗ್ಗಿ ಬಿಂದಿಗೆ ಎತ್ತುವಾಗಲೋ, ಜೋರಾಗಿ ಕೆಮ್ಮಿದಾಗಲೋ, ಕೆಲವೊಮ್ಮೆ ಏನೂ ಮಾಡದೆಯೂ, ಎದೆಮೂಳೆ ಬಾಗಿ ಮುರಿದುಬಿಡುತ್ತದೆ.

ಎದೆಯ ನಡುವೆ ನೋವು ಅಂದಾಗ ಎಲ್ಲರೂ ಹೃದಯಾಘಾತ ಅಂತ ಓಡುತ್ತಾರೆ. ಓಡಲೇಬೇಕು. ಹೃದಯದಲ್ಲಿ ಏನೂ ಇಲ್ಲ ಅಂತ ಗೊತ್ತಾದ ಮೇಲೆ ‘ಗ್ಯಾಸ್’ ಅಂತ ಮಾತ್ರೆ ಕೊಟ್ಟು ಕಳಿಸಿದರೆ ಕೆಲಸ ಅರ್ಧಕ್ಕೆ ನಿಂತಂತೆ. ಎದೆಮೂಳೆಯ ಮೇಲೆ ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋಯುತ್ತಿದೆಯೇ? ಅಜ್ಜಿಯ ಬೆನ್ನು ಇತ್ತೀಚೆಗೆ ಜಾಸ್ತಿ ಬಾಗಿದೆಯೇ? ಎತ್ತರ ಕಮ್ಮಿಯಾಗಿದೆಯೇ? ಆಸ್ತಮಾಕ್ಕೋ ಸಂಧಿವಾತಕ್ಕೋ ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡಿದ್ದಾರೆಯೇ? ಹೌದು ಅನ್ನುವ ಉತ್ತರ ಬಂದರೆ ಎದೆಮೂಳೆಯ ಜೊತೆ ಬೆನ್ನಿನ ಚಿತ್ರವನ್ನೂ ತೆಗೆಸಬೇಕು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಬೇಕು. ಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾ ಕೂಡ ಹೀಗೆ ಮೂಳೆಗಳನ್ನು ಟೊಳ್ಳು ಮಾಡುತ್ತದೆ, ಹಾಗಾಗಿ ರಕ್ತಪರೀಕ್ಷೆಯೂ ಬೇಕಾಗುತ್ತದೆ. ಮೂಳೆ ಸವೆತಕ್ಕೆ ಒಳ್ಳೆಯ ಔಷಧಗಳಿವೆ. ಶುರು ಮಾಡಿದರೆ ಮುಂದಿನ ಕಶೇರು ಕುಸಿಯುವ ಸಾಧ್ಯತೆ ಕಡಿಮೆಯಾಗುತ್ತದೆ.

ಬೆನ್ನುಮೂಳೆಯೆಲ್ಲ ಅಂಟಿಕೊಂಡು ಬಿಗಿಯಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರೂ ಎಚ್ಚರವಾಗಿರಬೇಕು. ಅವರ ಬೆನ್ನು ಬಾಗುವುದಿಲ್ಲ, ಸ್ವಲ್ಪ ಜಾರಿ ಬಿದ್ದರೂ ಮುರಿಯುತ್ತದೆ.

ಚಿಕಿತ್ಸೆ, ಆಮೇಲಿನ ದಿನಗಳು

ಚಿಕಿತ್ಸೆ ತೀರ್ಮಾನವಾಗುವುದು ಬಹುಪಾಲು ಬೆನ್ನನ್ನು ನೋಡಿ. ಕಾಲಿನ ಶಕ್ತಿ ಹೋಗುತ್ತಿದ್ದರೆ, ಕಶೇರುಗಳು ಒಂದರ ಮೇಲಿಂದ ಒಂದು ಜಾರಿದ್ದರೆ, ಹಿಂದಿನ ಪಟ್ಟಿಗಳು ಹರಿದಿದ್ದರೆ ಆಪರೇಷನ್. ಹಿಂದಿನಿಂದ ಸ್ಕ್ರೂ ಹಾಕಿ ಮೇಲಿನ ಕೆಳಗಿನ ಕಶೇರುಗಳನ್ನು ರಾಡಿನಿಂದ ಬಿಗಿಯುತ್ತಾರೆ. ಇದಕ್ಕೆ ಗಾಯಾಳುವನ್ನು ಬೋರಲು ಮಲಗಿಸಬೇಕು, ಎದೆಯ ಕೆಳಗೆ ದಿಂಬು ಬರುತ್ತದೆ. ಮುರಿದ ಎದೆಮೂಳೆ ಒಳಕ್ಕೆ ಒತ್ತದಂತೆ ಆ ದಿಂಬುಗಳನ್ನು ಎಲ್ಲಿ ಇಡಬೇಕು ಅನ್ನುವುದನ್ನು ಮೊದಲೇ ಯೋಚಿಸಿಕೊಳ್ಳಬೇಕು. ಎದೆಮೂಳೆ ಹೆಚ್ಚಾಗಿ ತಾನೇ ಕೂಡಿಕೊಳ್ಳುತ್ತದೆ. ತುಂಡುಗಳು ತುಂಬಾ ಸರಿದಿದ್ದರೆ ಅಥವಾ ತಿಂಗಳುಗಳಾದರೂ ಕೂಡದೆ ನೋಯುತ್ತಿದ್ದರೆ ಪ್ಲೇಟ್ ಹಾಕುತ್ತಾರೆ.

ಆಪರೇಷನ್ ಬೇಡ ಅಂದವರಿಗೆ ಬೆನ್ನಿನ ಬೆಲ್ಟ್. ಇಲ್ಲೊಂದು ತೊಡಕಿದೆ. ಮುಂದಕ್ಕೆ ಬಾಗದಂತೆ ತಡೆಯುವ ಸಾಮಾನ್ಯ ಚೌಕಟ್ಟು ಬೆಲ್ಟುಗಳು ಮೂರು ಕಡೆ ಒತ್ತುತ್ತವೆ: ಹಿಂದೆ ಬೆನ್ನಿಗೆ, ಮುಂದೆ ಕೆಳಹೊಟ್ಟೆಗೆ, ಇನ್ನೊಂದು ಸರಿಯಾಗಿ ಎದೆಮೂಳೆಗೆ. ಮುರಿದ ಮೂಳೆಯ ಮೇಲೆಯೇ ಪ್ಯಾಡ್ ಕೂತರೆ ಯಾರು ತಡೆದುಕೊಳ್ಳುತ್ತಾರೆ? ಗಾಯಾಳು ಬೆಲ್ಟ್ ಬಿಚ್ಚಿಡುತ್ತಾರೆ, ಬೆನ್ನು ಬಾಗುತ್ತದೆ. ಬೆಲ್ಟ್ ಎದೆಗೆ ಚುಚ್ಚುತ್ತಿದ್ದರೆ ಸುಮ್ನೆ ಬಿಚ್ಚಿಡುವ ಬದಲು ಡಾಕ್ಟರಿಗೆ ಹೇಳಿ. ಒತ್ತಡವನ್ನು ಇಡೀ ಎದೆಗೆ ಹಂಚುವ, ಅಳತೆ ತೆಗೆದು ಮಾಡುವ ಬೆಲ್ಟುಗಳಿವೆ. ಅದೂ ಆಗದಿದ್ದರೆ ಆಪರೇಷನ್ನಿನ ಮಾತನ್ನೇ ಮತ್ತೆ ಎತ್ತಬೇಕಾಗಬಹುದು.

ಮೊದಲ ವಾರಗಳಲ್ಲಿ ದೊಡ್ಡ ಶತ್ರು ನ್ಯುಮೋನಿಯಾ. ನೋವಿಗೆ ಹೆದರಿ ಮೇಲುಸಿರು ಮಾತ್ರ ಬಿಡುತ್ತಾ, ಕೆಮ್ಮನ್ನು ತಡೆದುಕೊಂಡರೆ ಕಫ ಒಳಗೇ ನಿಲ್ಲುತ್ತದೆ. ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ತಗೊಳ್ಳಬೇಕು, ‘ತಡೆದುಕೊಳ್ತೀನಿ’ ಅನ್ನುವ ಹಟ ಇಲ್ಲಿ ಒಳ್ಳೆಯದಲ್ಲ. ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಉಸಿರಾಟದ ಸಾಧನವನ್ನು ಗಂಟೆಗೊಮ್ಮೆ ಎಳೆಯಬೇಕು. ಕೆಮ್ಮುವಾಗ ದಿಂಬನ್ನು ಎದೆಗೆ ಅಪ್ಪಿ ಹಿಡಿದರೆ ನೋವು ಸ್ವಲ್ಪ ಕಡಿಮೆ. ಎದೆಮೂಳೆಯ ನೋವು ಪೂರ್ತಿ ಇಳಿಯಲು ಎರಡು ಮೂರು ತಿಂಗಳು ಹಿಡಿಯಬಹುದು.

ನೋವು ಇಳಿದ ಮೇಲೆ ಜನ ಆಸ್ಪತ್ರೆಗೆ ಹೋಗುವುದನ್ನು ಬಿಡುತ್ತಾರೆ. ಎದೆಮೂಳೆಯೂ ಬೆನ್ನುಮೂಳೆಯೂ ಮುರಿದವರು ಮಾತ್ರ ಬಿಡಬಾರದು. ಬೆನ್ನು ನಿಧಾನವಾಗಿ ಬಾಗುವುದು ಈ ತಿಂಗಳುಗಳಲ್ಲಿಯೇ. ಮಲಗಿಸಿ ತೆಗೆದ ಚಿತ್ರದಲ್ಲಿ ಬೆನ್ನು ನೆಟ್ಟಗೆ ಕಾಣುತ್ತದೆ, ದೇಹದ ಭಾರ ಬಿದ್ದಾಗ ಅದೇ ಬೆನ್ನು ಬಾಗಬಹುದು. ಅದಕ್ಕೇ, ಡಾಕ್ಟರು ನಿಲ್ಲಬಹುದು ಅಂದ ಮೇಲೆ, ನಿಲ್ಲಿಸಿ ಪಕ್ಕದಿಂದ ಎಕ್ಸ್-ರೇ ತೆಗೆದು ಬಾಗಿದ ಕೋನವನ್ನು ಅಳೆಯುತ್ತಾರೆ. ಪ್ರತಿ ಭೇಟಿಯಲ್ಲೂ ಅದನ್ನು ಹಿಂದಿನದಕ್ಕೆ ಹೋಲಿಸುತ್ತಾರೆ. ಕೋನ ಹೆಚ್ಚುತ್ತಾ ಹೋದರೆ, ಮೊದಲು ಬೇಡ ಅಂದಿದ್ದ ಆಪರೇಷನ್ ಆಗ ಬೇಕಾಗಬಹುದು. ಆದ್ದರಿಂದ ಮೊದಲ ದಿನದ ಫಿಲ್ಮು, ಸಿಡಿ, ಡಿಸ್ಚಾರ್ಜ್ ಚೀಟಿ ಯಾವುದನ್ನೂ ಎಸೆಯಬೇಡಿ. ಆಸ್ಪತ್ರೆ ಬದಲಾಯಿಸಿದರೂ ಅವು ಜೊತೆಗಿರಲಿ. ಹೊಸ ಡಾಕ್ಟರು ಬೆನ್ನನ್ನು ಮಾತ್ರ ನೋಡುತ್ತಿದ್ದರೆ ‘ಆವತ್ತು ಎದೆಮೂಳೆಯೂ ಮುರಿದಿತ್ತು’ ಅಂತ ನೀವಾಗಿಯೇ ಹೇಳಿ.